ಕಪ್ಪು ಅಣ್ಣನಿಗೆ, ಬಶಿ ನನಗೆ

ಪಿಂಗಾಣಿಯಲ್ಲೂ ಜಾತಿಗಳಿವೆ ಎಂಬುದು ನನಗೆ ತಿಳಿದದ್ದು ತಲೆಗೂದಲೆಲ್ಲ ಬೆಳ್ಳಗಾದ ಮೇಲೆ. ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಜಗತ್ತಿನ ಪಿಂಗಾಣಿಯೆಲ್ಲ ಎರಡೇ ಬಗೆ: ಒಡೆದದ್ದು ಮತ್ತು ಒಡೆಯಬೇಕಾದದ್ದು. ಚಹಾ ಬಿಸಿಯಾಗಿದ್ದರೆ ಸಾಕು, ಅದು ಯಾವ ಮಣ್ಣಿನ ಪಾತ್ರೆಯಲ್ಲಿ ಬಂತೆಂದು ಕೇಳುವವನು ಕುಡಿಯಲು ಬಂದವನಲ್ಲ, ಕೊಂಕು ತೆಗೆಯಲು ಬಂದವನು ಎಂದು ನಾನು ಖಚಿತವಾಗಿ ನಂಬಿದ್ದೆ. ಈಗ ಯಾರ ಮನೆಗೆ ಹೋದರೂ ಕಪ್ಪು ಕೈಗೆ ಬಂದೊಡನೆ ಉಗುರಿನಿಂದ ಬಡಿದು ನೋಡುತ್ತೇನೆ, ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ತಳ ತಿರುವುತ್ತೇನೆ. ಒಂದು ಮನೆಯಲ್ಲಿ ತಿರುವಿದಾಗ ಅದರಲ್ಲಿ ಚಹಾ ಇತ್ತು. ಆ ಮನೆಯವರು ಈಗ ನನಗೆ ಕಾಗದದ ಲೋಟದಲ್ಲಿ ಕೊಡುತ್ತಾರೆ.

ಆಘಾತಗೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಒಂದು ಕೈ ಮುಂದೆ. ಫೋನು ಬಂತೆಂದರೆ ಯಾರೋ ಹೋದರು ಎಂದೇ ಎತ್ತುತ್ತೇನೆ. ನನ್ನ ಹೆಂಡತಿ ಕಸ್ತೂರಿ ಇದನ್ನು ಬಂದವರೆದುರೆಲ್ಲ ಹೇಳುತ್ತಾಳೆ: “ನಮ್ಮ ಮನಿಯವ್ರಿಗೆ ಮೊದಲ ಎದಿ ಧಸಕ್ಕ ಅಂತೈತ್ರೀ, ಸುದ್ದಿ ಏನಂತ ಆಮ್ಯಾಲೆ ತಿಳೀತೈತಿ.” ಇಷ್ಟಾದರೂ ನಾನು ಮಾಡುವುದು ಗಟ್ಟಿ ಎದೆ ಬೇಕಾದ ನೌಕರಿ. ಬೀಳಗಿಯಲ್ಲಿ ಮೋಜಣಿದಾರ, ಅಂದರೆ ಜಮೀನು ಅಳೆಯುವವನು. ಅಣ್ಣತಮ್ಮಂದಿರು ಬೇರೆಯಾದಾಗ ಸರಪಳಿ ಹಿಡಿದು ಹೊಲಕ್ಕೆ ಹೋಗಿ, ಇದು ನಿನ್ನದು ಇದು ಅವನದು ಎಂದು ಕಲ್ಲು ಹಾಕಿಸಿ ಬರುತ್ತೇನೆ. ಒಂದು ಗೇಣು ಬದುವಿಗಾಗಿ ಒಬ್ಬರ ಅಂಗಿ ಒಬ್ಬರು ಹರಿದುಕೊಳ್ಳುವುದನ್ನು ನೋಡಿ ನೋಡಿ, ಮನುಷ್ಯ ಇಷ್ಟು ಕೀಳಾಗಬಾರದು ಎಂದು ಸಂಜೆ ಮನೆಗೆ ಬಂದು ಕಸ್ತೂರಿಗೆ ಉಪದೇಶ ಮಾಡುತ್ತಿದ್ದೆ. ಅವಳು ಹೂಂಗುಡುತ್ತ ರೊಟ್ಟಿ ಬಡಿಯುತ್ತಿದ್ದಳು.

ನಾನೂ ನನ್ನಣ್ಣ ಮಲ್ಲೇಶಪ್ಪನೂ ಬೇರೆಯಾದಾಗ ಹಾಗೇನೂ ಆಗಲಿಲ್ಲ. ರಬಕವಿಯ ಮನೆ, ಮಗ್ಗ, ಸೀರೆ ವ್ಯಾಪಾರ ಅವನಿಗೆ. ಬೀಳಗಿಯ ಮನೆ ಮತ್ತು ಹೊಲ ನನಗೆ. ನಗುನಗುತ್ತಲೇ ಆಸ್ತಿಯ ವಾಟ್ನಿ ಮುಗಿಯಿತು. ಅವ್ವ ಎರಡೂ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಹೋಗುವುದೆಂದಾಯಿತು. ಕೊನೆಗೆ ಬೀಳಗಿಯಲ್ಲಿ ಅಡುಗೆಮನೆಯ ಭಾಂಡೆಗಳನ್ನು ಹಂಚಲು ಕೂತವಳು ಅವ್ವನೇ. ಅಪ್ಪ ಇದ್ದಾಗಿನಿಂದ ನಮ್ಮಲ್ಲಿ ಬಿಳಿಯ ಪಿಂಗಾಣಿಯ ಕಪ್ಪು-ಬಶಿ ಇದ್ದವು. ಬೆಂಗಳೂರು ಕಡೆಯವರು ಸಾಸರ್ ಎನ್ನುವುದನ್ನು ನಾವು ಬಶಿ ಎನ್ನುತ್ತೇವೆ, ಮತ್ತು ಅವರ ಹಾಗೆ ಅದನ್ನು ಕಪ್ಪಿನ ಕೆಳಗೆ ಸುಮ್ಮನೆ ಕೂರಿಸುವುದಿಲ್ಲ. ಚಹಾವನ್ನು ಅದಕ್ಕೆ ಸುರುವಿಕೊಂಡು ಸುರ್ ಎಂದು ಎಳೆಯುತ್ತೇವೆ. ಆರು ಕಪ್ಪು, ಆರು ಬಶಿ. ಅವ್ವ ಒಟ್ಟು ಎಣಿಸಿ, ಕಪ್ಪುಗಳನ್ನೆಲ್ಲ ಅಣ್ಣನ ಕಡೆಗೆ ಸರಿಸಿದಳು, ಬಶಿಗಳನ್ನೆಲ್ಲ ನನ್ನ ಕಡೆಗೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ಆಗ ಯಾರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ ಎಂಬುದೇ ಈಗ ನನಗೆ ವಿಚಿತ್ರವಾಗಿ ಕಾಣುತ್ತದೆ.

ತೊಂದರೆ ಶುರುವಾದದ್ದು ಅದೇ ಮಧ್ಯಾಹ್ನ. ಅಣ್ಣ ಜನ್ಮದಲ್ಲಿ ಬಶಿಯಿಲ್ಲದೆ ಚಹಾ ಕುಡಿದವನಲ್ಲ. ಕಪ್ಪಿಗೆ ಬಾಯಿ ಹಚ್ಚಿದರೆ ಅವನ ನಾಲಿಗೆ ಸುಡುತ್ತದೆ. ನಾನೋ ಕಪ್ಪಿನಿಂದಲೇ ಕುಡಿಯುವವನು, ಬಶಿ ನನಗೆ ಕಸ. ಕಸ್ತೂರಿ ಚಹಾ ತಂದಾಗ ಅಣ್ಣ ಕೈಚಾಚಿ, “ಬಶಿ ಕೊಡವಾ” ಅಂದ. ನಾನು ತಮಾಷೆಗೆ, “ಬಶಿ ಈಗ ನನ್ನ ಪಾಲಿಂದು, ಕೇಳಿ ಇಸ್ಕೋಬೇಕು” ಅಂದೆ. ನನ್ನ ವೃತ್ತಿಯಲ್ಲಿ ಇದು ದಿನಾ ಆಡುವ ಮಾತು. ಹೊಲದಲ್ಲಿ ನಿಂತು ಇಂಥದ್ದನ್ನು ಎಷ್ಟು ಜನರಿಗೆ ಹೇಳಿಲ್ಲ! ಅಣ್ಣ ಚಹಾ ಕೆಳಗಿಟ್ಟು ಎದ್ದು ನಿಂತ. “ನಿನ್ನ ಬಶಿ ನೀನ ಇಟ್ಕೋ. ಇನ್ನ ನಿನ್ನ ಮನಿ ಚಹಾ ನಾ ಮುಟ್ಟಿದ್ರ ಕೇಳು” ಅಂದು ಹೊರಟೇ ಹೋದ. ಅವತ್ತಿನಿಂದ ಹಬ್ಬಕ್ಕೆ ಬರುತ್ತಾನೆ, ಹೋಳಿಗೆ ಉಣ್ಣುತ್ತಾನೆ, ಅವ್ವನ ಮಗ್ಗುಲಲ್ಲಿ ಕೂತು ಸುಖದುಃಖ ಮಾತಾಡುತ್ತಾನೆ. ಚಹಾ ಎಂದೊಡನೆ ಚಪ್ಪಲಿ ಮೆಟ್ಟುತ್ತಾನೆ. ನಾನೇಕೆ ಸೋಲಲಿ? ಆರು ಬಶಿಗಳಲ್ಲಿ ಉಪ್ಪಿನಕಾಯಿ ಹಾಕಿಕೊಂಡೆ, ಹಾಲಿನ ಪಾತ್ರೆಗೆ ಮುಚ್ಚಿದೆ, ಒಂದರಲ್ಲಿ ಅವ್ವನಿಗೆ ದಿನಾ ಮುಂಜಾನೆ ಚಹಾ ಆರಿಸಿ ಕೊಟ್ಟೆ. ಅವನು ರಬಕವಿಯಲ್ಲಿ ಕಪ್ಪಿನೊಳಗೆ ದಾಡಿಯ ಸಾಬೂನು ಕಲಸುತ್ತಾನೆಂದು ಸುದ್ದಿ ಬಂದಾಗ ಖುಷಿಯೂ ಪಟ್ಟೆ.

ಈ ಹಟ ಹೀಗೇ ನಡೆದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನನ್ನ ಮಗಳ ಸಂಬಂಧ ಮುಧೋಳದಲ್ಲಿ ಕೂಡಿಬಂತು. ಹುಡುಗ ಒಳ್ಳೆಯವನು, ಮಗಳು ತಾನೇ ಒಪ್ಪಿದ್ದಾಳೆ, ಮಾತು ಗಟ್ಟಿ ಮಾಡಲು ಬೀಗರು ಬರುವುದಷ್ಟೇ ಬಾಕಿ. ಆ ಬೀಗರು ಹಳೆಯ ರೀತಿಯ ಜನ. ಹುಡುಗಿಯ ಮನೆಯ ಹಿರಿಯ ಮೊದಲ ಗುಟುಕು ಚಹಾ ಕುಡಿದ ಹೊರತು ತಾವು ಕಪ್ಪು ಮುಟ್ಟುವುದಿಲ್ಲ. ಅಪ್ಪ ಇಲ್ಲದ ಮೇಲೆ ನಮ್ಮ ಹಿರಿಯ ಯಾರು? ಮಲ್ಲೇಶಪ್ಪ. ಅವನು ಬೀಗರೆದುರು ಚಪ್ಪಲಿ ಮೆಟ್ಟಿದರೆ ಮುಗಿಯಿತು: ಅಣ್ಣತಮ್ಮಂದಿರಲ್ಲಿ ಸರಿಯಿಲ್ಲ, ಇಂಥ ಮನೆಯ ಹುಡುಗಿ ನಮಗ್ಯಾಕೆ ಎಂದು ಅವರೂ ಮೆಟ್ಟುತ್ತಾರೆ. ಕಸ್ತೂರಿ ಅಳುಮುಖ ಮಾಡಿ, “ಹೋಗಿ ಭಾವನ ಕಾಲ ಹಿಡೀರಿ, ಇಲ್ಲಾಂದ್ರ ಎರಡ ಬಶಿ ಕೊಟ್ಟ ಬರ್ರಿ” ಅಂದಳು. ಎರಡಕ್ಕೂ ನಾನು ಒಪ್ಪಲಿಲ್ಲ. ನಮ್ಮ ಬಶಿಗೆ ಹೊಂದುವ ಕಪ್ಪುಗಳನ್ನು ಅಂಗಡಿಯಿಂದಲೇ ತಂದರಾಯಿತು, ಜೋಡಿ ಮುಂದೆ ಬಂದಾಗ ಅಣ್ಣ ಮೆತ್ತಗಾಗುತ್ತಾನೆ ಎಂದು ಒಂದು ಬಶಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಜಮಖಂಡಿಯ ಬಸ್ಸು ಹತ್ತಿದೆ.

ಜಮಖಂಡಿಯ ಆ ಅಂಗಡಿಕಾರನಿಗೆ ಮಾತಿನ ಚಟ. ಗಿರಾಕಿ ಏನು ಕೇಳಿದ ಎಂಬುದು ಅವನಿಗೆ ಮುಖ್ಯವಲ್ಲ. ನಾನು ಬಶಿ ಬಿಚ್ಚುವ ಮೊದಲೇ ಒಂದು ದಪ್ಪ ಮಗ್ಗು ಎತ್ತಿ ಬಡಿದ. ದಬ್ ಎಂದಿತು. “ಇದು ಸೆರಾಮಿಕ್ ರೀ. ಮ್ಯಾಲೆ ಬಿಳಿ ಬಣ್ಣ, ಒಳಗ ಹಂಚಿನ ಮಣ್ಣು. ಮಾರಿಗೆ ಪೌಡರ್ ಬಡಕೊಂಡಂಗ. ಅಂಚು ಕೆತ್ತಿ ಹೋತಂದ್ರ ಖರೆ ಬಣ್ಣ ಕಾಣತೈತಿ.” ಇನ್ನೊಂದು ಎತ್ತಿದ. “ಇದು ಸ್ಟೋನ್‌ವೇರ್. ನಿಮ್ಮ ಉಪ್ಪಿನಕಾಯಿ ಭರಣಿ ಇದ ಜಾತಿ. ಕಲ್ಲಿನಂಗ ಗಟ್ಟಿ, ಕಲ್ಲಿನಂಗ ವಜ್ಜಿ.” ಮೂರನೆಯದು ಟಿಣ್ ಎಂದಿತು. “ಇದು ಪೋರ್ಸಲೀನ್, ಅಸಲಿ ಪಿಂಗಾಣಿ. ಬಿಳಿಮಣ್ಣು, ಭಾಳ ಜೋರ ಬೆಂಕಿ. ನೀರ ಕುಡಿಯೂದಿಲ್ಲ, ಕಲಿ ಹಿಡಿಯೂದಿಲ್ಲ.” ಬಡಿದದ್ದನ್ನೆಲ್ಲ ನನ್ನ ಕಿವಿಯ ಹತ್ತಿರ ತಂದು ತಂದು ಬಡಿದ. ನಾನು ಇಷ್ಟು ವರ್ಷ ಬರೀ ಚಹಾ ಕುಡಿದೆ, ಕಪ್ಪಿನ ಮಾತು ಕೇಳಲೇ ಇಲ್ಲವಲ್ಲ ಎಂದು ಮೊದಲ ಆಘಾತ ಅಲ್ಲೇ ಆಯಿತು.

ಆಮೇಲೆ ನನ್ನ ಬಶಿ ತೋರಿಸಿದೆ. ಅವನು ಕೈಯಲ್ಲಿ ಹಿಡಿದವನೇ ಮಾತು ನಿಲ್ಲಿಸಿದ. ಬಡಿದ, ಗುಡಿಯ ಸಣ್ಣ ಗಂಟೆಯ ಹಾಗೆ ಟಣ್‌ಣ್ ಎಂದು ಎಳೆಯಿತು. ಬಾಗಿಲಿನ ಬಿಸಿಲಿಗೆ ಹಿಡಿದು ಹಿಂದೆ ಕೈ ಇಟ್ಟ. ಅವನ ಐದೂ ಬೆರಳು ಬಶಿಯ ಮೂಲಕ ಕಂಡವು. “ಎಲ್ಲಿ ಸಿಕ್ತರೀ ನಿಮಗ? ಇಂಥಾ ಹಳೀ ಮಾಲು ಈಗ ಹುಡುಕಿದ್ರೂ ಸಿಗೂದಿಲ್ಲ. ಇದು ಬೋನ್ ಚೈನಾ!” ಅಂದ. ಆ ಹೆಸರು ಕೇಳಿದ್ದೆ, ಯಾವುದೋ ಕಂಪನಿಯದ್ದು ಎಂದುಕೊಂಡಿದ್ದೆ. ಹಾಗೆಂದರೇನು ಅಂದೆ. “ಬೋನ್ ಅಂದ್ರ ಎಲುವು ರೀ. ದನದ ಎಲುವು ಸುಟ್ಟು, ಬೂದಿ ಮಾಡಿ, ಮಣ್ಣಾಗ ಕಲಸ್ತಾರ. ಅದಕ್ಕ ಇಷ್ಟು ಹಗರ, ಇಷ್ಟು ಹಾಲಿನ ಬಣ್ಣ.” ಸಾಲೆಯಲ್ಲಿ ಇಂಗ್ಲಿಷ್ ಓದಿ ನೌಕರಿ ಹಿಡಿದವನು ನಾನು, ಆ ಎರಡಕ್ಷರದ ಅರ್ಥ ಕಣ್ಣೆದುರೇ ಇತ್ತು. ಬಾಯಿ ಒರೆಸಿಕೊಳ್ಳಲು ಟವೆಲು ಎತ್ತಿದೆ, ಬಶಿ ಸುತ್ತಿ ತಂದದ್ದು ಅದರಲ್ಲೇ ಎಂದು ನೆನಪಾಗಿ ಕೆಳಗೆ ಬಿಸಾಕಿದೆ. ಅಂಗಡಿಕಾರ ಗಾಬರಿಯಾಗಿ ಸ್ಟೂಲು ಕೊಟ್ಟು, ಚಹಾ ತರಿಸಲೇ ಎಂದು ಕೇಳಿದ. ಯಾವುದರಲ್ಲಿ ಎಂದು ಕೇಳಿದೆ.

ಬಸ್ಸಿನಲ್ಲಿ ಬಶಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೂ ಆಗಲಿಲ್ಲ, ಕೆಳಗೆ ಕಾಲ ಬಳಿ ಇಡಲೂ ಮನಸ್ಸಾಗಲಿಲ್ಲ. ನಮ್ಮದು ಬಿಸ್ಕತ್ತನ್ನೂ ಮೊಟ್ಟೆ ಹಾಕಿದ್ದಾರೋ ಎಂದು ಪೊಟ್ಟಣ ತಿರುವಿ ಓದಿ ಕೊಳ್ಳುವ ಮನೆ. ಅವ್ವ ಲಿಂಗಪೂಜೆ ಮುಗಿಸಿ ಬಾಯಿಗಿಡುವ ಮೊದಲ ವಸ್ತು ಈ ಬಶಿಯ ಚಹಾ. ಸೋಮವಾರ ಅಯ್ಯನವರು ಬಂದರೆ ಪಾದ ತೊಳೆದು, ಬಾಳೆಹಣ್ಣು ಇಟ್ಟು, ಹಾಲು ಕೊಡುವುದು ಇದೇ ಬಶಿಯಲ್ಲಿ. ಒಳ್ಳೆಯದು ಎಂದು ಇದನ್ನೇ ಆರಿಸಿ ಕೊಟ್ಟಿದ್ದೆವು! ಪಕ್ಕದಲ್ಲಿದ್ದ ಅಜ್ಜಿ ನನ್ನ ಮುಖ ನೋಡಿ, “ದವಾಖಾನಿಗಿ ಹೋಗಿದ್ರೇನ್ರೀ? ಡಾಕ್ಟರ್ ಏನಂದ್ರು?” ಎಂದು ಕೇಳಿದಳು. ಎಲುಬಿನ ತೊಂದರೆ ಅಂದೆ. ಹಾಲು ಕುಡಿಯಿರಿ, ಸರಿಹೋಗುತ್ತದೆ ಅಂದಳು.

ಮನೆಗೆ ಬಂದು ಕಸ್ತೂರಿಯನ್ನು ಹಿತ್ತಲಿಗೆ ಕರೆದು ಪಿಸುಮಾತಿನಲ್ಲಿ ಹೇಳಿದೆ. ಅವಳು “ಅಯ್ ಶಿವನ!” ಎಂದು ಕೂಗಿದ್ದು ಓಣಿಯ ತುದಿಗೆ ಕೇಳಿತು, ದೇವರಕೋಣೆಗೆ ಕೇಳದೆ ಇರುತ್ತದೆಯೇ? ಅವ್ವ ಬಂದು ನಿಂತಳು. ಮುಚ್ಚಿಡುವ ಉಪಾಯ ಒಂದೂ ಹೊಳೆಯದೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವ್ವ ಬೀಳುತ್ತಾಳೆ ಎಂದು ಹಿಡಿಯಲು ಕೈ ಚಾಚಿಕೊಂಡೇ ಹೇಳಿದ್ದೆ. ಅವಳು ಬೀಳಲಿಲ್ಲ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದು, “ನಾಳಿಂದ ನನಗ ಸ್ಟೀಲ ವಾಟಗದಾಗ ಕೊಡ್ರಿ” ಅಂದಳು. ದೇವರಕೋಣೆಯ ಕಡೆ ತಿರುಗುತ್ತ, “ಹಿರಿಯಾಗ ಫೋನ್ ಹಚ್ಚು. ಅವನ ಮನ್ಯಾಗೂ ಆರು ಅದಾವಲಾ” ಅಂದಳು.

ಹೌದಲ್ಲ! ಆ ಕ್ಷಣದವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಅಣ್ಣ ನನಗಿಂತ ಎರಡು ಪಟ್ಟು ನೇಮದವನು, ಹೋಟೆಲಿನಲ್ಲಿ ಇಡ್ಲಿ ತಿನ್ನುವ ಮುಂಚೆ ಒಳಗೆ ಹೋಗಿ ಅಡುಗೆಯವನನ್ನು ಮಾತಾಡಿಸಿ ಬರುವ ಪೈಕಿ. ಅವನಿಗೆ ನನಗಿಂತ ಎರಡು ಪಟ್ಟು ಆಘಾತ ಆಗಬೇಕು. ಸುಳ್ಳು ಯಾಕೆ ಹೇಳಲಿ, ನನ್ನ ಜೀವಕ್ಕೆ ತಂಪಾಯಿತು. ದನಿಯಲ್ಲಿ ಆದಷ್ಟು ದುಃಖ ತುಂಬಿಕೊಂಡು ಫೋನ್ ಮಾಡಿದೆ. ಆ ಕಡೆ ಮಗ್ಗ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಅಣ್ಣ, “ದಾಡಿ ಸಾಬೂನ…” ಅಂದ. ಗಲ್ಲದ ಮೇಲೆ ಕೈಯಾಡಿಸಿಕೊಂಡಿರಬೇಕು. “ಮುಂಜಾನೆ ಬರತೇನಿ. ಕಪ್ಪು ತರತೇನಿ. ಎರಡೂ ಕೂಡಿಸಿ ಹೊಳಿಗೆ ಬಿಡೂಣು, ಮನಿಯಾಗ ಇರೂದು ಬ್ಯಾಡ” ಅಂದು ಇಟ್ಟುಬಿಟ್ಟ.

ಮರುದಿನ ಅವನು ಸೀರೆಯ ಡಬ್ಬಿಯಲ್ಲಿ, ನೂಲಿನ ಕಸದ ಹಾಸಿಗೆಯ ಮೇಲೆ ಕಪ್ಪುಗಳನ್ನು ಮಲಗಿಸಿಕೊಂಡು ಬಂದ. ಹೊಳೆಗೆ ಒಯ್ಯಲು ನಾನು ಬುಟ್ಟಿಯನ್ನೂ ತಯಾರಿಟ್ಟಿದ್ದೆ. ಕಪ್ಪು-ಬಶಿ ವರ್ಷಗಳ ಮೇಲೆ ಪಡಸಾಲೆಯ ಜಮಖಾನದ ಮೇಲೆ ಎದುರುಬದುರು ಕೂತವು. ಆದರೆ ಅಣ್ಣ ವ್ಯಾಪಾರಸ್ಥ, ಯಾರೋ ಹೇಳಿದ್ದನ್ನು ನಂಬುವವನಲ್ಲ. “ಎಲುವು ಅಂತ ಹೆಂಗ ತಿಳೀತು?” ಅಂದ. ನಾನು ಕಲಿತ ವಿದ್ಯೆಯನ್ನೆಲ್ಲ ತೋರಿಸಿದೆ. ಬಶಿ ಬಡಿದೆ, ಟಣ್‌ಣ್ ಎಂದಿತು. ಬೆಳಕಿಗೆ ಹಿಡಿದೆ, ಬೆರಳು ಕಂಡವು. ಅಣ್ಣ ಕಣ್ಣು ಮುಚ್ಚಿ “ಶಿವ ಶಿವಾ” ಅಂದ. ಆಮೇಲೆ ಅವನ ಕಪ್ಪು ಎತ್ತಿ ಬಡಿದೆ.

ದಬ್.

ಇನ್ನೊಂದು ಬಡಿದೆ. ದಬ್. ಕಿಟಕಿಗೆ ಹಿಡಿದೆ. ಬೆರಳಿರಲಿ, ಇಡೀ ಕೈಯನ್ನು ಹಿಂದೆ ಇಟ್ಟರೂ ಗೋಡೆ ನೋಡಿದ ಹಾಗಿತ್ತು. ಹಿಡಿಯ ಹತ್ತಿರ ಕೆತ್ತಿಹೋದ ಜಾಗದಲ್ಲಿ ಹಂಚಿನ ಬಣ್ಣ ಇಣುಕುತ್ತಿತ್ತು. ಕಪ್ಪನ್ನು ಬಶಿಯ ಮೇಲೆ ಇಟ್ಟರೆ ಗುಳಿಯಲ್ಲಿ ಕೂರದೆ ಓಲಾಡಿತು. ಇವು ಎಂದೂ ಜೋಡಿಯೇ ಆಗಿರಲಿಲ್ಲ! ಅವ್ವನನ್ನು ಕೇಳಿದರೆ ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು: “ಬಶಿ ನಿಮ್ಮಪ್ಪ ಮೀರಜದಿಂದ ತಂದಿದ್ದು. ಅವುಗಳ ಕಪ್ಪು ನೀವಿಬ್ರೂ ಸಣ್ಣಾವ್ರಿದ್ದಾಗ ಬಡದಾಡಿ ಒಡದ್ರಿ. ಆಮ್ಯಾಲೆ ಸಂತ್ಯಾಗ ಸಿಕ್ಕ ಕಪ್ಪು ತಂದ್ವಿ.” ಮೊದಲು ಅಣ್ಣನ ಮುಖ ಅರಳಿತು. “ಅಂದ್ರ ನನ್ನವು ಬರೀ ಮಣ್ಣು! ನಮ್ಮ ಮನಿ ಶುದ್ಧ ಐತಿ!” ಎಂದು ಗಲ್ಲ ಸವರಿಕೊಂಡ. ನನಗೆ ಸಂಕಟವಾಯಿತು. ಆ ಸಂಕಟದಲ್ಲಿ ನನ್ನ ಬಾಯಿಂದ ಬರಬಾರದ ಮಾತು ಬಂತು: “ಶುದ್ಧ ಖರೆ, ಆದ್ರ ಕಿಮ್ಮತ್ತಿಲ್ಲ. ನನ್ನ ಬಶಿಯಂಥಾದ್ದು ಈಗ ಹುಡುಕಿದ್ರೂ ಸಿಗೂದಿಲ್ಲಂತ.”

ಅಣ್ಣನ ಕೈ ಗಲ್ಲದ ಮೇಲೇ ನಿಂತಿತು. ಬಶಿ ನೋಡಿದ, ಕಪ್ಪು ನೋಡಿದ, ನನ್ನನ್ನು ನೋಡಿದ. “ಹಿಂಗನ್ನು. ಮಣ್ಣು ನನ್ನ ಪಾಲಿಗಿ, ಮಾಲು ನಿನ್ನ ಪಾಲಿಗಿ” ಅಂದ. “ಏ, ಈಗ ಹೊಳಿಗೆ ಬಿಡೂಣು ಅಂತಿದ್ಯಲ್ಲ?” ಅಂದೆ. “ಹೊಳಿಗೆ ಬಿಡೂದು ಬ್ಯಾರೆ, ನಿನಗ ಬಿಡೂದು ಬ್ಯಾರೆ. ಮೂರು ನನಗ ಬೇಕು.” “ವಾಟ್ನಿ ಒಮ್ಮೆ ಆತಂದ್ರ ಆತು. ಎಲುವಿನ ಬಶಿ ತಗೊಂಡ ಹೋಗಿ ಎಲ್ಲಿ ಇಡ್ತೀ, ದೇವರ ಜಗಲಿ ಮ್ಯಾಲೆ?” “ಎಲ್ಲೆರ ಇಡ್ತೇನಿ, ತಲಿ ಮ್ಯಾಲೆ ಇಟ್ಕೋತೇನಿ, ನನ್ನ ಪಾಲು!” ಅವನು ಮೂರು ಬಶಿ ತನ್ನ ಕಡೆಗೆ ಎಳೆದ. ನಾನು ಮೂರನ್ನೂ ಈಚೆಗೆ ಎಳೆದೆ. ಕಸ್ತೂರಿ, “ಬೀಗರು ಬರೂದೈತ್ರೀ, ಮಗಳ ಮಾರಿ ನೋಡ್ರಿ” ಎಂದು ಕೂಗುತ್ತಿದ್ದದ್ದು ದೂರದಲ್ಲೆಲ್ಲೋ ಕೇಳಿಸಿತು. ನನ್ನ ಸಿಟ್ಟು ಅವ್ವನ ಕಡೆಗೆ ತಿರುಗಿತು. “ಅಲ್ಲ ಬೇ, ಇದಕ್ಕೆಲ್ಲಾ ನೀನ ಕಾರಣ! ಕಪ್ಪು ಒಬ್ಬಗ, ಬಶಿ ಒಬ್ಬಗ ಯಾಕ ಕೊಟ್ಟಿ? ನಾವಿಬ್ರೂ ಕೂಡಿ ಇರ್ಲಿ, ಒಬ್ರಿಗೊಬ್ರು ಬೇಕಾಗ್ಲಿ ಅಂತೇನರ ವಿಚಾರ ಇತ್ತೇನು?” ಅಂದೆ. ಇದ್ದಿದ್ದರೆ ನಾನು ಅಲ್ಲೇ ಕಣ್ಣೀರು ಹಾಕಲು ಸಿದ್ಧನಿದ್ದೆ. ಅವ್ವ ಸಿಪ್ಪೆ ಕೊಡವಿಕೊಂಡು, “ಎಣಿಸಾಕ ಸಸಾರ ಆಕ್ಕೈತಂತ ಹಂಗ ಮಾಡಿದ್ನಿ” ಅಂದಳು.

ನಾವು ಮತ್ತೆ ಬಶಿಗೆ ಕೈ ಹಾಕಿದೆವು. ಆಗ ಅವ್ವ ಅವರೆಕಾಯಿಯ ತಟ್ಟೆ ಕೆಳಗಿಟ್ಟಳು. ದನಿ ಏರಿಸಲಿಲ್ಲ. “ಎಲುವಿಗೆ ಬಡದಾಡೂವು ಓಣ್ಯಾಗ ಅಷ್ಟ ಅದಾವು ಅಂತ ತಿಳ್ಕೊಂಡಿದ್ನಿ. ನಾನೂ ಎರಡು ಹಡದೇನಿ ಅಂತ ಗೊತ್ತಿರಲಿಲ್ಲ” ಅಂದಳು.

ಅಣ್ಣ ಬಶಿ ಬಿಟ್ಟ. ನಾನೂ ಬಿಟ್ಟೆ. ಊರವರ ಬದುವಿನ ಮೇಲೆ ನಿಂತು ನಾನು ಬಿಟ್ಟಿದ್ದ ಉಪದೇಶಗಳೆಲ್ಲ ಒಟ್ಟಿಗೆ ತಿರುಗಿ ಬಂದು ನನ್ನ ಕೊರಳಿಗೆ ಸಿಕ್ಕಿಕೊಂಡವು. ನಾಚಿಕೆ ಎಂದರೆ ಕಿವಿ ಬಿಸಿಯಾಗುತ್ತದೆ ಎಂದು ಕೇಳಿದ್ದೆ, ಅವತ್ತು ಖರೆಯಾಯಿತು. ಕಸ್ತೂರಿ ಇದೇ ಹೊತ್ತು ನೋಡಿ ಅಣ್ಣನ ಮಣ್ಣಿನ ಕಪ್ಪನ್ನು ನನ್ನ ಎಲುಬಿನ ಬಶಿಯ ಮೇಲಿಟ್ಟು ಚಹಾ ತಂದಳು. ಕಪ್ಪು ಓಲಾಡುತ್ತಲೇ ಬಂತು. ಅಣ್ಣ ಬಹಳ ಹೊತ್ತು ಅದನ್ನು ನೋಡಿದ. ಅವ್ವನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ, ಕೈಗೆ ಏನಾದರೊಂದು ಕೆಲಸ ಬೇಕಿತ್ತು. ಚಹಾವನ್ನು ಬಶಿಗೆ ಸುರುವಿಕೊಂಡು ಸುರ್ ಎಂದು ಎಳೆದ. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಕುಡಿದು ಮುಗಿಸಿ ಅಣ್ಣ ಗಂಟಲು ಸರಿಮಾಡಿಕೊಂಡು, “ನಿನ್ನ ಮನಿ ಚಹಾ ಕುಡದ್ನಿ ಅಂತ ತಿಳೀಬ್ಯಾಡ. ನನ್ನ ಪಾಲಿನ ಬಶ್ಯಾಗ ಕುಡದೇನಿ” ಅಂದ. ಅಷ್ಟು ಸಾಕಿತ್ತು ನನಗೆ.

ಬೀಗರು ಬಂದರು. ಅವರಿಗಾಗಿ ನಾನು ಜಮಖಂಡಿಗೆ ಮತ್ತೆ ಹೋಗಿ, ಬಡಿದು ನೋಡಿ, ಎಲುಬಿಲ್ಲ ಎಂದು ಅಂಗಡಿಕಾರನಿಂದ ಆಣೆ ಮಾಡಿಸಿ ಅಸಲಿ ಪಿಂಗಾಣಿಯ ಜೋಡಿ ತಂದಿದ್ದೆ. ಅವ್ವನಿಗೆ ಸ್ಟೀಲು. ಅಣ್ಣ ಮಾತ್ರ ಹಳೆಯ ಬಶಿಯೇ ಬೇಕೆಂದ. ಅವನು ಮೊದಲ ಗುಟುಕು ಎಳೆದ ಸದ್ದಿಗೆ ಮುಧೋಳದ ಹಿರಿಯರೂ ಸಂತೋಷದಿಂದ ತಮ್ಮ ಬಶಿಗೆ ಸುರುವಿಕೊಂಡರು. ಮಾತು ಗಟ್ಟಿಯಾಯಿತು, ಸಕ್ಕರೆ ಹಂಚಿದೆವು. ಬೀಗರು ಬಾಗಿಲಲ್ಲಿ ನಿಂತು, “ಅಣ್ಣತಮ್ಮ ಅಂದ್ರ ಹಿಂಗಿರಬೇಕ್ರೀ” ಎಂದು ನಮ್ಮಿಬ್ಬರ ಬೆನ್ನನ್ನೂ ತಟ್ಟಿದರು. ನಮಗೆ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಯಿತು. ಅಣ್ಣನೂ ರಬಕವಿಯ ಬಸ್ಸಿಗೆಂದು ಹೊರಟ.

ಅವನನ್ನು ಕಳಿಸಿ ಒಳಗೆ ಬಂದವನೇ ನಾನು ಅಡುಗೆಮನೆಗೆ ಹೋಗಿ ಬಶಿಗಳನ್ನು ಎಣಿಸಿದೆ. ಆರೂ ಇದ್ದವು. ಅಬ್ಬಾ ಎಂದು ಉಸಿರು ಬಿಟ್ಟು ತಿರುಗಿದರೆ ಬಾಗಿಲಲ್ಲಿ ಅವ್ವ ನಿಂತಿದ್ದಾಳೆ.

“ಆರೂ ಅದಾವಿಲ್ಲೋ?” ಅಂದಳು.

ಹೂಂ ಅಂದೆ.

“ಅವನೂ ಹೋಗೂ ಮುಂದ ಬಂದು ಎಣಿಸಿ ಹ್ವಾದ” ಅಂದಳು.

ನನಗೆ ಎದೆ ಧಸಕ್ಕೆಂದಿತು. ಇಷ್ಟೆಲ್ಲ ಆದ ಮೇಲೂ, ನನ್ನ ಮನೆಯ ಅಡುಗೆಮನೆಗೇ ನುಗ್ಗಿ, ನನ್ನ ಬಶಿಗಳನ್ನು ಎಣಿಸಿಕೊಂಡು ಹೋಗಿದ್ದಾನಲ್ಲ, ಎಂಥ ಮನುಷ್ಯ!